ಹಳದಿ ಗೆರೆಯೊಳಗಿನ ಮೇಸ್ತ್ರಿ

ಕಳೆದ ವಾರ ಪೀಣ್ಯದ ನಮ್ಮ ವರ್ಕ್‌ಶಾಪಿನ ನೆಲಕ್ಕೆ ಗೆರೆ ಬಳಿಯಲು ಹಳದಿ ಪೇಂಟಿನ ಡಬ್ಬ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಲೇತ್ ಯಂತ್ರದ ಕೆಲಸ ಕಲಿಸಿದ ಮೇಸ್ತ್ರಿ ಕಣ್ಣ ಮುಂದೆ ಬಂದರು...

ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಬ್ಬಿಣ ಕಡೆಯುತ್ತಿದ್ದ ಅವರ ಬಲಗೈಗೆ ಪಾರ್ಕಿನ್ಸನ್ ನಡುಕ ಬಂದಿತ್ತು. ಮಾತ್ರೆ ಸಾಲದಾದಾಗ ವೈದ್ಯರು, ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಮೆದುಳಿಗೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವ ಚಿಕಿತ್ಸೆ ಇದೆ ಎಂದರು. ರಕ್ತಸ್ರಾವ ಆಗಬಹುದು, ಸೋಂಕು ತಗಲಬಹುದು, ಅಪರೂಪ, ಆದರೆ ಇಲ್ಲವೆನ್ನಲಾರೆ ಎಂದೂ ಬಿಚ್ಚಿ ಹೇಳಿದರು. ಜೊತೆಗಿದ್ದ ನಾನು ಬೇಡವೆಂದು ಅವರ ತೋಳು ಜಗ್ಗಿದೆ. ಮೇಸ್ತ್ರಿ ಕೇಳಿದ್ದು ಒಂದೇ.

"ಡ್ರಿಲ್ ಎಷ್ಟು ಎಂಎಂ ಸಾರ್?"

ಆಪರೇಷನ್ ಆಗಿ ಕೆಲವು ತಿಂಗಳಿಗೆ ನಡುಕ ನಿಂತು ಅವರು ಮತ್ತೆ ಲೇತ್ ಮುಂದೆ ನಿಂತರು. ವೆಲ್ಡಿಂಗ್ ಹತ್ತಿರ ಸುಳಿಯಬೇಡಿ, ಆಯಸ್ಕಾಂತವನ್ನು ಎದೆಯ ಬಳಿ ತರಬೇಡಿ ಎಂದು ವೈದ್ಯರು ಎಚ್ಚರಿಸಿದ್ದರು. ಆದರೆ ಹುಟ್ಟುಗುಣ ಬಿಟ್ಟರೂ ಕಸುಬಿನ ಅಭ್ಯಾಸ ಬಿಡುತ್ತದೆಯೇ? ಒಂದು ಮಧ್ಯಾಹ್ನ ಬಲಗೈಯಲ್ಲಿ ಕಬ್ಬಿಣದ ತುಂಡು ಹಿಡಿಯುವ ಚಕ್ ಬಿಗಿಯುತ್ತ, ಅಳತೆಯ ಡಯಲ್ ಕೂರಿಸುವ ಮ್ಯಾಗ್ನೆಟ್ ಸ್ಟ್ಯಾಂಡನ್ನು ಎಂದಿನಂತೆ ಎಡಗೈಯಿಂದ ಎದೆಗೆ ಅವಚಿಕೊಂಡರು. ಬ್ಯಾಟರಿ ಆಫ್ ಆಯಿತು, ಕೈ ಗಡಗಡ ನಡುಗತೊಡಗಿತು. ಪುಣ್ಯಕ್ಕೆ ಮಿಷಿನ್ ಇನ್ನೂ ಹಾಕಿರಲಿಲ್ಲ. ಅವರ ಊಟದ ಬ್ಯಾಗಿನಿಂದ ಆ ಬ್ಯಾಟರಿಯ ರಿಮೋಟ್ ತಂದು ಕೊಟ್ಟೆ. ಅದನ್ನು ಒತ್ತಿದ ಮೇಲೆ ನಡುಕ ನಿಂತಿತು.

ಮಾಲೀಕರು ಓಡಿ ಬಂದರು. "ನಾಳೆಯಿಂದ ಬರ್ಬೇಡಿ ಮೇಸ್ತ್ರಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಪ್ರೆಸ್ಸಲ್ಲಿ ಒಬ್ಬನ ಬೆರಳು ಹೋದಾಗ ಪ್ರೆಸ್ ಬಿಸಾಕಿದ್ರಾ ಸಾರ್? ಗಾರ್ಡ್ ಹಾಕಿಸಿದ್ರಿ. ನಾನೂ ಹಾಕ್ಕೋತೀನಿ."

ಅಂದೇ ಸಂಜೆ ಮಂಡಿಯೂರಿ, ಲೇತ್ ಸುತ್ತ ತಾವೇ ಹಳದಿ ಗೆರೆ ಎಳೆದರು. ಆಯಸ್ಕಾಂತವೆಲ್ಲ ಗೆರೆಯ ಆಚೆ, ಅವರು ಈಚೆ. ಡಯಲ್‌ಗೆ ಆಯಸ್ಕಾಂತವಿಲ್ಲದ, ಬೋಲ್ಟ್ ಬಿಗಿಯುವ ಸ್ಟ್ಯಾಂಡ್ ಒಂದನ್ನು ಕಡೆದುಕೊಂಡರು. ಸ್ಕೇಲ್ ಇಡದೆ ಎಳೆದ ಆ ಗೆರೆಯಲ್ಲಿ ಮಾಲೀಕರಿಗೆ ಎಲ್ಲೂ ಸೊಟ್ಟ ಸಿಗಲಿಲ್ಲ. ಮೇಸ್ತ್ರಿ ಇನ್ನೂ ಆರು ವರ್ಷ ದುಡಿದರು.

ಕೊನೆಗೆ ಹೋದದ್ದು ಹೃದಯಾಘಾತದಿಂದ. ಸಾವಿನ ಮನೆಯಲ್ಲಿ ನೆಂಟರೊಬ್ಬರು, "ತಲೆಗೆ ತೂತು ಹಾಕಿಸ್ಕೊಂಡ್ರೆ ಇನ್ನೇನಾಗುತ್ತೆ" ಎಂದು ರಾಗ ಎಳೆದರು. 

"ಅದ್ರಿಂದ್ಲೇ ಆರು ವರ್ಷ ಅವ್ರ ತುತ್ತು ಅವ್ರೇ ಎತ್ಕೊಂಡ್ರು ಕಣ್ರೀ" ಎಂದೆ.

ಕಳೆದ ವಾರ ಆ ಪೇಂಟ್ ಡಬ್ಬ ತೆರೆದ ದಿನವೇ ಹೊಸ ಸೂಪರ್‌ವೈಸರ್ ಆ ಮಾಸಿದ ಗೆರೆ ಯಾಕಿದೆಯೋ ಗೊತ್ತಿಲ್ಲ, ಅಳಿಸಿ ಎಂದ. ನಾನು ಬ್ರಷ್ ಕಸಿದುಕೊಂಡು ಅದರ ಮೇಲೆಯೇ ಹೊಸ ಬಣ್ಣ ಎಳೆದೆ. ನನ್ನ ಕೈ ಅವರದಲ್ಲ, ಎರಡು ಕಡೆ ಸೊಟ್ಟಗಾಯಿತು. ಒಳಗೆ ನಿಲ್ಲಲು ಅವರಿಲ್ಲ... ಮ್ಯಾಗ್ನೆಟ್ ಸ್ಟ್ಯಾಂಡನ್ನು ಮಾತ್ರ ಈಗಲೂ ಗೆರೆಯ ಆಚೆಗೇ ಇಡುತ್ತೇನೆ.