ನಳಿಗೆಯಲ್ಲಿ ನಿಂತ ಗಂಧ

ಹಸಿ ಬಂಗುಡೆಯ ವಾಸನೆ ಬಂದರೆ ನನಗೆ ಆ ಭಾನುವಾರ ನೆನಪಾಗುತ್ತದೆ. ಜೋಗೇಶ್ವರಿಯ ನಮ್ಮ ಚಾಳಿನ ಮನೆಯಲ್ಲಿ, ಪಾತ್ರೆ ತೊಳೆಯುವ ಮೋರಿಯ ಪಕ್ಕ ಅತ್ತಿಗೆ ಮಣೆ ಹಾಕಿಕೊಂಡು ಕೂತಿದ್ದರು. ನಾನು ಸ್ಟೇಷನ್ ಹತ್ತಿರದಿಂದ ತಂದಿದ್ದ ಮೀನಿನ ಕಿವಿರು ಬಿಡಿಸಿ ನೋಡಿ, ತಲೆ ಎತ್ತದೆಯೇ ಕೇಳಿದರು.

"ಮೀನಿನ ಕಣ್ಣು ನೋಡಿ ತಂದದ್ದಾ, ಮೀನಿನವಳ ಕಣ್ಣು ನೋಡಿ ತಂದದ್ದಾ?"

ಪೇಪರ್ ಓದುತ್ತಿದ್ದ ಅಣ್ಣ ನಕ್ಕ. ಅತ್ತಿಗೆ ಬೈಯುತ್ತಲೇ ಸಾರು ಮಾಡಿ ಬಡಿಸಿದರು. ಉಂಡು ಮಲಗಿದೆವು. ಆ ದಿನ ಬೇರೆ ಏನೂ ನಡೆಯಲಿಲ್ಲ...

ಶಾಲೆ ಬಿಟ್ಟು ಊರಿನಿಂದ ಬಂದ ನನಗೆ ಲೋಕಲ್ ರೈಲು ಹತ್ತುವುದನ್ನು, ಇಳಿಯುವ ಸ್ಟೇಷನ್‌ಗೆ ಮೊದಲೇ ಬಾಗಿಲ ಕಡೆ ಸರಿದು ನಿಲ್ಲುವುದನ್ನು ಕಲಿಸಿದವರು ಅತ್ತಿಗೆ. ಅಣ್ಣ ಅಂಧೇರಿಯ ಹೋಟೆಲೊಂದರ ಗಲ್ಲದಲ್ಲಿ ಹಣ ತೆಗೆದುಕೊಳ್ಳುತ್ತ ಕೂರುತ್ತಿದ್ದ. ಹೊರಗೆ ಗಟ್ಟಿ ಮನುಷ್ಯ, ಮನೆಯಲ್ಲಿ ಮಾತ್ರ ಅತ್ತಿಗೆಯನ್ನು ಕೇಳದೆ ಒಂದು ಅಂಗಿಯನ್ನೂ ಕೊಂಡವನಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಲ್ಲೇ ಅತ್ತಿಗೆ ಕುಸಿದರು. ಮಿದುಳಿನಲ್ಲಿ ರಕ್ತಸ್ರಾವವಾಗಿದೆ ಎಂದರು ಡಾಕ್ಟರು. ಐಸಿಯುನಲ್ಲಿ ಎರಡು ಸಲ ಫಿಟ್ಸ್ ಬಂತು. ಇನ್ನೊಮ್ಮೆ ಬಂದರೆ ಉಳಿದಿರುವ ಮಿದುಳಿಗೂ ಪೆಟ್ಟು, ಹಾಗಾಗಿ ಫಿಟ್ಸ್ ತಡೆಯುವ ಔಷಧಿ ಒಂದು ಹೊತ್ತೂ ತಪ್ಪಬಾರದು ಎಂದು ಹೇಳಿದರು. ಆ ಔಷಧಿಗಳಲ್ಲಿ ಒಂದು, ಮಾತ್ರೆಯ ರೂಪದಲ್ಲಿ ಮಾತ್ರ ಸಿಗುವಂಥದ್ದು. ಅತ್ತಿಗೆಗೆ ನುಂಗಲು ಬರುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಯವರೆಗೆ ಸಣ್ಣ ನಳಿಗೆ ಇಳಿಸಿದ್ದರು. ಇಳಿಸುವಾಗಲೇ ಮೂಗಿನಿಂದ ತುಂಬ ರಕ್ತ ಹೋಗಿತ್ತು. ಅದನ್ನು ಮತ್ತೆ ಹಾಕುವ ಹಾಗೆ ಆಗದಿರಲಿ ಎಂದು ಸಿಸ್ಟರ್ ನಮ್ಮ ಎದುರೇ ಅಂದಿದ್ದರು.

ಭೇಟಿಯ ಹೊತ್ತಿನಲ್ಲಿ ನಾನು ಸಿಸ್ಟರ್ ಕೆಲಸವನ್ನೇ ನೋಡುತ್ತಿದ್ದೆ. ಮಾತ್ರೆಯನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡುತ್ತಿದ್ದರು. ಮೊದಲು ಬರಿ ನೀರು, ಆಮೇಲೆ ಔಷಧಿ, ಮತ್ತೆ ನೀರು. ಎರಡು ಔಷಧಿಯನ್ನು ಎಂದೂ ಬೆರೆಸುತ್ತಿರಲಿಲ್ಲ. ಸಿರಿಂಜಿನಲ್ಲಿದ್ದ ಬಿಳಿ ನೀರು ಕೆಳಗಿಳಿಯುವವರೆಗೆ ನಾನು ಅದರಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅತ್ತಿಗೆಯ ಜೀವ ಅಷ್ಟು ಸಣ್ಣ ದಾರಿಯಲ್ಲಿ ಹೋಗಿಬರುತ್ತಿದೆ ಅನ್ನಿಸುತ್ತಿತ್ತು.

ಆ ವಾರ ಊರಿನಲ್ಲಿರುವ ನಮ್ಮ ಸೋದರಮಾವ ಬಸ್ಸಿನಲ್ಲಿ ದೈವಸ್ಥಾನದ ಗಂಧ ಪ್ರಸಾದ ಕಳಿಸಿದರು. ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ಜ್ವರ ಏರಿದರೆ ಆ ಗಂಧವನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ನಾವೆಲ್ಲ ಕುಡಿದು ಬೆಳೆದವರೇ. ಅಣ್ಣ ಅದನ್ನು ಅತ್ತಿಗೆಯ ಹಣೆಗೆ ಹಚ್ಚಿ ಬರುತ್ತಾನೆ ಎಂದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಸಿಸ್ಟರ್ ಆಚೆಯ ಹಾಸಿಗೆಯ ಹತ್ತಿರ ಇದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಔಷಧಿ ತಂದರು. ಮೊದಲ ನೀರೇ ಇಳಿಯಲಿಲ್ಲ. ಬಿಸಿನೀರು ಹಾಕಿ ನೋಡಿದರು. ಸಿರಿಂಜಿನಿಂದ ಮೆಲ್ಲಗೆ ಎಳೆದರು, ಮೆಲ್ಲಗೆ ಒತ್ತಿದರು. ಏನು ಹಾಕಿದ್ದು ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣ ಅವರಿಗೆ ಹೇಳಲಾರದೆ ನನ್ನ ಮುಖ ನೋಡಿ ನಮ್ಮ ಭಾಷೆಯಲ್ಲಿ ಅಂದ.

"ನಳಿಗೆಗೆ ಹಾಕಿದ್ದು ಒಂದು ಚಮಚ ಗಂಧದ ನೀರು ಮಾತ್ರ ಮಾರಾಯ. ಹಣೆಗೆ ಹಚ್ಚಿದರೆ ಒಳಗೆ ಹೋಗ್ತದಾ? ಅವಳಿಗೆ ಕುಡಿಲಿಕ್ಕೆ ಬಾಯಿ ಎಲ್ಲುಂಟು..."

ನಾನು ಸಿಸ್ಟರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಳಿಗೆ ತೆರೆಯಲೇ ಇಲ್ಲ. ಅದನ್ನು ಎಳೆದು ಬೇರೆ ಹಾಕಬೇಕಾಯಿತು. ನಮ್ಮನ್ನು ಹೊರಗೆ ಕಳಿಸಿದರು. ಬಾಗಿಲಿನ ಗಾಜಿನಿಂದ ಹಾಸಿಗೆಯ ಸುತ್ತಲಿನ ಪರದೆ ಮಾತ್ರ ಕಾಣುತ್ತಿತ್ತು. ಕೆಂಪಾದ ಹತ್ತಿ ಹಿಡಿದು ಒಬ್ಬಳು ಆಯಾ ಹೊರಗೆ ಬಂದಳು. ಹೊಸ ನಳಿಗೆ ಹೊಟ್ಟೆಗೇ ಹೋಗಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುವ ತನಕ ಔಷಧಿ ಕೊಡುವ ಹಾಗಿರಲಿಲ್ಲ. ಶ್ವಾಸಕೋಶಕ್ಕೆ ಹೋಗಿದ್ದರೆ ಔಷಧಿಯೇ ಕೊಲ್ಲುತ್ತದೆ ಎಂದರು. ಎಕ್ಸ್‌ರೇ ಯಂತ್ರ ಬೇರೆ ಮಹಡಿಯಿಂದ ಬರಬೇಕಿತ್ತು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ಅಣ್ಣ ಬೆರಳುಗಳನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ. ಇಷ್ಟು ವರ್ಷದಲ್ಲಿ ಅತ್ತಿಗೆಯನ್ನು ಕೇಳದೆ ಅವನು ಮಾಡಿದ್ದು ಅದೊಂದೇ ಕೆಲಸ.

ಕೊನೆಗೆ ಔಷಧಿ ಹೋಯಿತು. ಆದರೆ ಸಂಜೆಯ ಹೊತ್ತಿಗೆ ಮತ್ತೆ ಫಿಟ್ಸ್ ಬಂತು. ಅದಾದ ಮೇಲೆ ಅತ್ತಿಗೆ, ಕರೆದರೆ ಕಣ್ಣುರೆಪ್ಪೆ ಅಲುಗಿಸುತ್ತಿದ್ದುದನ್ನೂ ಬಿಟ್ಟರು. ಕೆಲವು ದಿನ ಹಾಗೇ ಇದ್ದು ಹೋದರು.

ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು. ಮಿದುಳಿನ ಬಾವು ಮೊದಲೇ ಏರುತ್ತಿತ್ತು, ಔಷಧಿ ಹೊತ್ತಿಗೆ ಸರಿಯಾಗಿ ಹೋಗಿದ್ದರೂ ಫಿಟ್ಸ್ ಬರುತ್ತಿತ್ತೇನೋ ಎಂದರು. ಆ 'ಏನೋ' ಅಣ್ಣನ ಕಿವಿಯಲ್ಲಿ ಉಳಿದುಬಿಟ್ಟಿತು... ನನ್ನ ಕಿವಿಯಲ್ಲೂ.

ಈಗ ಮನೆಯಲ್ಲಿ ನಾವಿಬ್ಬರೇ. ಅಣ್ಣ ಹೋಟೆಲಿಗೆ ಹೋಗುತ್ತಾನೆ, ಬರುತ್ತಾನೆ. ಉಣ್ಣುವಾಗ ಅನ್ನದ ಮೇಲೆ ಕೈ ನಿಲ್ಲಿಸಿ ಕೇಳುತ್ತಾನೆ. "ನಾನು ಅವತ್ತು ಹಾಕದಿದ್ದರೆ ಅವಳು ಇರ್ತಿದ್ದಳಾ?" ಡಾಕ್ಟರು ಹೇಳಿದ್ದನ್ನೇ ನಾನು ಮತ್ತೆ ಹೇಳುತ್ತೇನೆ. ಮಾವ ಫೋನಿನಲ್ಲಿ, ಅದು ದೈವದ ಇಚ್ಛೆ ಎನ್ನುತ್ತಾರೆ. ಅಣ್ಣ ಇಬ್ಬರಿಗೂ ತಲೆಯಾಡಿಸುತ್ತಾನೆ. ಮರುದಿನ ಮತ್ತೆ ಅದೇ ಪ್ರಶ್ನೆ. ಅವನು ಕೈ ನಿಲ್ಲಿಸಿದ ಕೂಡಲೇ ನನಗೆ ಒಳಗೆ ಹೆದರಿಕೆ ಶುರುವಾಗುತ್ತದೆ.

ನಿಮ್ಮಿಂದ ಆದದ್ದಲ್ಲ, ಸುಮ್ಮನೆ ಊಟ ಮಾಡಿ ಎಂದು ಹೇಳಿದರೆ ಅಣ್ಣ ನಂಬುತ್ತಿದ್ದುದು ಅತ್ತಿಗೆ ಒಬ್ಬರ ಮಾತನ್ನು. ಅವರು ಮನೆಯಲ್ಲಿ ಇಲ್ಲ.