ಅಂಗೈ ಎತ್ತಿದ ಮೇಷ್ಟ್ರು

ನಮ್ಮ ವಿಜ್ಞಾನದ ಮೇಷ್ಟ್ರು ಅಂಗೈಯನ್ನು ಗೋಡೆಯಂತೆ ಎತ್ತಿ ಹಿಡಿದು, “ಆಂಟಿ ಅನ್ನೋದು ಗ್ರೀಕರ ಮಾತು ಕಣ್ರವ್ವ, ಎದುರು ಅಂತ. ಆಂಟಿಬಯಾಟಿಕ್ಕು, ಆಂಟಿಸೆಪ್ಟಿಕ್ಕು, ಎಲ್ಲಾ ಎದುರು ನಿಲ್ಲೋವೇ” ಎನ್ನುತ್ತಿದ್ದರು.

ಮಾಕವಳ್ಳಿಯ ಕಬ್ಬಿನ ಗದ್ದೆಯಲ್ಲಿ ಅಣ್ಣನಿಗೆ ಹಾವು ಕಚ್ಚಿದಾಗ ಅಪ್ಪ ಅವನನ್ನು ಆಟೋದಲ್ಲಿ ಹಾಕಿಕೊಂಡು ಮಂತ್ರ ಹಾಕುವವನ ಬಳಿಗೆ ಹೊರಟರು. ಅಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ಸುದ್ದಿ ತಿಳಿದ ಮೇಷ್ಟ್ರು ಶಾಲೆಯ ಮುಂದೆ ಬೈಕನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಅದೇ ಅಂಗೈ ಎತ್ತಿದರು.

“ದಾರಿ ಬುಡಿ ಮೇಷ್ಟ್ರೇ, ಮಗ ಕಣ್ಮುಚ್ತಾವ್ನೆ!” ಅಪ್ಪ ಕಿರುಚಿದರು.

“ವಿಷಕ್ಕೆ ಎದುರು ನಿಲ್ಲೋ ಆಂಟಿವೆನಮ್ ಇರೋದು ಪೇಟೆ ಆಸ್ಪತ್ರೇಲಿ. ಆಟೋ ತಿರುಗ್ಸಿ, ಇಲ್ಲಾಂದ್ರೆ ನನ್ ಮ್ಯಾಲೇ ಅತ್ತುಸ್ಕೊಂಡು ಓಗಿ.”

ಅಪ್ಪ ಅವರ ಕೊರಳಪಟ್ಟಿ ಹಿಡಿದರು. ಅಂಗೈ ಇಳಿಯಲಿಲ್ಲ. ಆಟೋ ತಿರುಗಿತು.

ಅಣ್ಣ ಗುಣವಾಗಿ ಮನೆಗೆ ಬಂದ ಮರುದಿನ ಮೇಷ್ಟ್ರು, ಆಂಟಿ ಎಂದರೇನೆಂದು ತರಗತಿಯಲ್ಲಿ ನನ್ನನ್ನೇ ಕೇಳಿದರು. ಎದ್ದು ನಿಂತೆ. ಅಂಗೈಯನ್ನು ಗೋಡೆಯಂತೆ ಎತ್ತಿ ಹಿಡಿದೆ.

“ಕೂತ್ಕೊಳವ್ವ, ನಿಂಗೊತ್ತದೆ.”