ವೀರಭದ್ರನ ಅಂಗಿಯ ಕೌದಿ

ಕಲ್ಕತ್ತೆಯ ಗಾರ್ಡನ್ ರೀಚಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೊತ್ತು ನಿಂತುಬಿಡುತ್ತದೆ. ನದಿಯ ಗಾಳಿ ಗಲ್ಲಿಯೊಳಗೆ ಬಂದು ದಾರಿ ತಪ್ಪಿದವರ ಹಾಗೆ ಅಲೆಯುತ್ತದೆ. ಹಡಗು ಕಟ್ಟುವಲ್ಲಿ ಕಬ್ಬಿಣ ಬಡಿಯುವ ಸದ್ದು ನೀರಿನೊಳಗಿಂದ ಬಂದಂತೆ ಮೆತ್ತಗೆ ಕೇಳುತ್ತದೆ. ಆ ಹೊತ್ತಿಗೆ ಅಹಲ್ಯಾ ಕಿಟಕಿಯ ಹತ್ತಿರ ಕೂತು ಕಣ್ಣು ಮುಚ್ಚುತ್ತಿದ್ದಳು. ನಿದ್ದೆಗಲ್ಲ. ಗಂಡ ವೀರಭದ್ರ ಒಳಕೋಣೆಯಲ್ಲಿದ್ದಾನೆ, ಈಗ ಮಗ್ಗುಲಾಗುತ್ತಾನೆ, ಮಂಚ ಕಿರ್ರೆನ್ನುತ್ತದೆ ಎಂದು ಕಾಯುವುದಕ್ಕೆ. ಮಂಚ ಕಿರ್ರೆನ್ನುತ್ತಿರಲಿಲ್ಲ. ಅವನು ಸತ್ತು ವರ್ಷವಾಗಿತ್ತು.

ವೀರಭದ್ರ ಸವದತ್ತಿ ಕಡೆಯವನು. ಸೈನ್ಯದಲ್ಲಿ ಹವಾಲ್ದಾರನಾಗಿದ್ದ. ಗಡಿಯಲ್ಲಿ ನೆಲಬಾಂಬು ಸಿಡಿದಾಗ ತೊಡೆಗೆ ಹೊಕ್ಕ ಚೂರುಗಳಲ್ಲಿ ಕೆಲವು ಅಲ್ಲೇ ಉಳಿದವು. ಪಿಂಚಣಿಗೆ ಬಂದ ಮೇಲೆ ಕಲ್ಕತ್ತೆಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತು. ನೋವಿಗೆ ಒಂದು ಗುಳಿಗೆ, ನಿದ್ದೆಗೆ ಒಂದು ಗುಳಿಗೆ. ಎರಡನ್ನೂ ಕೂಡಿಸಬೇಡ ಎಂದು ಡಾಕ್ಟರು ಹೇಳಿದ್ದರು. ಅವನು ಕೂಡಿಸಿದ. ಬರಬರುತ್ತ ಹೆಚ್ಚು ನುಂಗಿದ. ಒಂದು ಮಧ್ಯಾಹ್ನ ಉಸಿರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಅಹಲ್ಯಾ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು. ಎಷ್ಟು ಚೆನ್ನಾಗಿ ಮಲಗಿದ್ದಾನೆ ಎಂದುಕೊಂಡಿದ್ದಳು.

ಊರಿಗೆ ಬಾ ಎಂದು ತಮ್ಮ ಕರೆದ. ಅವಳು ಹೋಗಲಿಲ್ಲ. ಅವನು ಕೊನೆಗೆ ಮಲಗಿದ ಮನೆ ಇದು. ಬಿಟ್ಟು ಎಲ್ಲಿಗೆ ಹೋಗುವುದು?

ಮಳೆಗಾಲದಲ್ಲಿ ಒಂದು ದಿನ ಅಜಯ ಬಂದ. ಅವನೂ ಸೈನ್ಯ ಬಿಟ್ಟು ಬಂದವನು, ಬೈಲಹೊಂಗಲದ ಹುಡುಗ. ವೀರಭದ್ರನೇ ಅವನನ್ನು ಅದೇ ಗೇಟಿನ ಕೆಲಸಕ್ಕೆ ಸೇರಿಸಿದ್ದ. ಹೆಂಡತಿ ಜಾನಕಿಯ ಜೊತೆ ಇದೇ ಗಲ್ಲಿಯ ಕೊನೆಯಲ್ಲಿದ್ದ. ಹೊಸ್ತಿಲಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು, ನೆಲ ನೋಡುತ್ತ ಕೇಳಿದ.

"ಕಾಕೂ, ಕಾಕಾನ ಗುಳಿಗಿ ಉಳದಾವೇನ್ರಿ?"

"ಅದಾವ."

"ಒಂದೀಟ ಕೊಡ್ರಿ. ನನ್ನವು ತೀರ್ಯಾವ. ಅಂಗಡಿಯಾಂವ ಚೀಟಿ ಇಲ್ಲದ ಕೊಡಂಗಿಲ್ಲ ಅಂತಾನ."

"ನಾನೂ ಕೊಡಂಗಿಲ್ಲ."

"ನೀವೇನ ಮಾಡ್ತೀರಿ ಅವನ್ನ ಇಟ್ಕೊಂಡು?" ಅವನ ದನಿ ಏರಿತು. "ಸೊಂಟದಾಗ ಕೆಂಡ ಇಟ್ಟಂಗ ಆಗತೈತಿ. ಕಣ್ಣ ಮುಚ್ಚಿದರ ಸತ್ತ ಗೆಳೆಯ ಬಂದ ನಿಂದರತಾನ. ಮಾರಿ ಇರಂಗಿಲ್ಲ ಅವಂಗ. ನಿಮಗೇನ ಗೊತ್ತೈತಿ?"

"ನನಗ ನಿಮ್ಮ ಕಾಕಾ ಹೆಂಗ ಹೋದಾ ಅನ್ನೂದು ಗೊತ್ತೈತಿ. ಕುಂದರ."

ಅವನು ಕೂತ. ಹೋಗಲು ಬೇರೆ ಜಾಗವಿದ್ದಂತೆ ಕಾಣಲಿಲ್ಲ. ಅವನನ್ನು ಒಬ್ಬನನ್ನೇ ಕಳಿಸಬಾರದು, ಜಾನಕಿ ಬಜಾರದಿಂದ ಬರುವವರೆಗೆ ಹಿಡಿದಿಡಬೇಕು. ಅಹಲ್ಯಾಗೆ ಹೊಳೆದದ್ದು ಅಷ್ಟೇ. ಟ್ರಂಕು ಎಳೆದಳು. ವೀರಭದ್ರನ ಹಸಿರು ಅಂಗಿಗಳು ಮಡಚಿದ ಹಾಗೇ ಇದ್ದವು. ವರ್ಷದಿಂದ ಅವನ್ನು ಮುಟ್ಟಿರಲಿಲ್ಲ. ಒಂದನ್ನು ತೆಗೆದು ತೋಳಿಗೆ ಕತ್ತರಿ ಹಾಕಿದಳು.

"ಅಯ್ಯ, ಕಾಕಾನ ಅಂಗಿ!"

"ಅಂವ ಇನ್ನ ಹಾಕ್ಕೊಳ್ಳಂಗಿಲ್ಲ. ಆ ಕಡೆ ಬಿಗಿ ಹಿಡಿ."

ಕತ್ತರಿ ಬಟ್ಟೆಯೊಳಗೆ ನಡೆಯಿತು. ಅಜಯ ಹಿಡಿದುಕೊಂಡ. ಹಳೆಯ ಸೀರೆ ಹಾಸಿ, ಮೇಲೆ ತುಂಡು ಜೋಡಿಸಿ, ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಟ್ಟಳು. ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರಬೇಕು, ಕೌದಿ ಹೊಲಿಯುವುದು ಹಾಗೆ.

ಜಾನಕಿ ಬಂದಾಗ ಅಹಲ್ಯಾ ಅವನೆದುರಿಗೇ ಎಲ್ಲ ಹೇಳಿದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಗಂಡನ ಗುಳಿಗೆಗಳನ್ನು ಜಾನಕಿಯ ಚೀಲಕ್ಕೆ ಸುರಿದಳು. "ಇವನ್ನೂ ಒಯ್ಯಿ, ಇವನನ್ನೂ ಒಯ್ಯಿ. ಮಿಲಿಟರಿ ಆಸ್ಪತ್ರಿಗೆ. ನಾಳೇನ."

ಅಲ್ಲಿಯ ಡಾಕ್ಟರಮ್ಮ ಬೈಯಲಿಲ್ಲವಂತೆ. ಹಳೆಯ ಗುಳಿಗೆ ಇಸಿದುಕೊಂಡಳು. ಒಮ್ಮೆಲೇ ಬಿಡಬೇಡ, ಮೈ ತಿರುಗಿ ಬೀಳುತ್ತದೆ, ನಾನು ಹೇಳಿದಂತೆ ಸ್ವಲ್ಪ ಸ್ವಲ್ಪ ಇಳಿಸು, ಗುಳಿಗೆ ಹೆಂಡತಿಯ ಕೈಯಲ್ಲಿರಲಿ ಎಂದಳು. ಸೊಂಟಕ್ಕೆ ಬಿಸಿ ಶಾಖ, ಕಸರತ್ತು. ವಾರಕ್ಕೊಮ್ಮೆ ಅವನಂಥವರೇ ಕೂಡಿ ಕೂತು ಮಾತಾಡುವುದು.

"ಅಂಜಿಕಿ ಬಂದಾಗ ಕೈಗೆ ಸಿಕ್ಕದ್ದ ಮುಟ್ಟಿ ಹೆಸರ ಹೇಳಬೇಕಂತ," ಅಜಯ ನಕ್ಕ. "ಕುರ್ಚಿ ಮುಟ್ಟಿ ಕುರ್ಚಿ ಅನ್ನಬೇಕು. ಅಂಗನವಾಡಿ ಸೇರಸ್ಯಾರ ನನ್ನ."

"ಸೇರು. ನಿನಗ ಅದ ಸರಿ," ಎಂದಳು ಜಾನಕಿ.

ಬೆಳಗಿನ ಪಾಳಿಯಿದ್ದ ದಿನ ಕೆಲಸ ಮುಗಿಸಿ ಅವನು ಹೊಲಿಯಲು ಬರುತ್ತಿದ್ದ. ಇಬ್ಬರೂ ಕಿಟಕಿಯ ಹತ್ತಿರ ಎದುರುಬದುರು. ಸೂಜಿ ಮುಳುಗುವುದು, ಏಳುವುದು. ನೋಡುತ್ತ ಕೂತರೆ ಹೂಗ್ಲಿ ನದಿಯ ಮೇಲೆ ದೋಣಿಯೊಂದು ಯಾವ ದಡಕ್ಕೂ ಅವಸರವಿಲ್ಲದೆ ಹೋದಂತೆ. ಜಾನಕಿಯೂ ತನ್ನದೊಂದು ಹಳೆಯ ಸೀರೆ ಕೊಟ್ಟಳು, ಕೌದಿ ಬೆಳೆಯಿತು. ಅದರ ಒಂದು ತುದಿ ಅವನ ಕಾಲ ಮೇಲೆ, ಇನ್ನೊಂದು ತುದಿ ಅವಳ ಕಾಲ ಮೇಲೆ. ಮೋಡ ಇಳಿದ ಮಧ್ಯಾಹ್ನಗಳಲ್ಲಿ ಕೋಣೆಯೇ ಮೆಲ್ಲನೆ ತೇಲುತ್ತಿದೆ ಅನಿಸುತ್ತಿತ್ತು. ತಾನು ಯಾರ ಎದುರಿಗೆ ಕೂತಿದ್ದೇನೆ ಎಂಬುದು ಅಹಲ್ಯಾಗೆ ಒಂದೊಂದು ಗಳಿಗೆ ಮರೆಯುತ್ತಿತ್ತು. ತಲೆಯೆತ್ತಿದರೆ ಅಜಯ.

"ಕೌದಿ ಭಾರ ಬಿದ್ದರ ಕಾಲ ಸುಮ್ಮನ ಇರತಾವ್ರಿ ಕಾಕೂ," ಎಂದ ಒಮ್ಮೆ, ತನಗೇ ಹೇಳಿಕೊಂಡಂತೆ.

ಎದುರು ಮನೆಯ ಬಂಗಾಳಿ ಮುದುಕಿ ಇಣುಕಿ ನೋಡಿದಳು. ಅವರಲ್ಲಿ ಕೌದಿಗೆ ಕಾಂಥಾ ಎನ್ನುತ್ತಾರೆ. "ಇದೆಂಥ ಕಾಂಥಾ? ಹಾಸುಗಲ್ಲು! ಮಿಲಿಟರಿ ದಾದಾ ಬಂದೂಕು ಬಿಟ್ಟು ಸೂಜಿ ಹಿಡಿದ, ಕಾಲ ಕೆಟ್ಟಿತು." ಮರುದಿನ ತನ್ನದೊಂದು ಹರಿದ ಸೀರೆ ತಂದು ಎಸೆದು ಹೋದಳು.

ಎಲ್ಲ ದಿನ ಹೀಗಿರಲಿಲ್ಲ. ಗುಳಿಗೆ ಇಳಿಸಿದ ವಾರ ಬೆವರು, ವಾಂತಿ. ಒಮ್ಮೆ ತಟ್ಟೆ ಗೋಡೆಗೆ ಎಸೆದ. ಜಾನಕಿ ಬಂದು ಅಹಲ್ಯಾಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಡಾಕ್ಟರಮ್ಮ ಅವಸರ ಬೇಡವೆಂದು ಇಳಿಸುವುದನ್ನು ಕೆಲವು ದಿನ ನಿಲ್ಲಿಸಿದಳು. ಮತ್ತೆ ಶುರುವಾಯಿತು.

ಆಮೇಲೆ ಕಾಳಿಪೂಜೆ ಬಂತು, ಬಂಗಾಳದ ದೀಪಾವಳಿ.

ಸಂಜೆ ದೀಪ ಹಚ್ಚುವ ಹೊತ್ತಿಗೇ ಪಟಾಕಿ ಶುರು. ಗಲ್ಲಿಯ ತುಂಬ ಹೊಗೆ. ಮನೆಗಳು ಅರ್ಧ ಕಾಣುತ್ತಿದ್ದವು, ಅರ್ಧ ಕರಗಿದ್ದವು. ಆ ಹೊಗೆಯೊಳಗಿಂದ ಜಾನಕಿ ಓಡಿ ಬಂದಳು. "ಕಾಕೂ, ಲಗೂ ಬರ್ರಿ."

ಅಹಲ್ಯಾ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಹೋದಳು. ನಡುವಿನಲ್ಲಿ ಇನ್ನೂ ಗೇಣಗಲ ಹೊಲಿಗೆ ಬಾಕಿಯಿತ್ತು. ಅಜಯ ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ಮಲಗಿದ್ದ. ಎರಡೂ ಕೈ ಕಿವಿಯ ಮೇಲೆ.

"ಕೊಡ ಜಾನಕಿ. ಇವತ್ತೊಂದ ದಿನ. ಇದ್ದಷ್ಟೂ ಕೊಡ."

"ಇವತ್ತಿಂದು ಮುಂಜಾನೇನ ಕೊಟ್ಟೇನ್ರಿ," ಜಾನಕಿ ಗುಳಿಗೆಯ ಪಟ್ಟಿ ಹಿಡಿದು ನಿಂತಿದ್ದಳು. "ಕೊಟ್ಟಬಿಡ್ಲೇನ್ರಿ ಕಾಕೂ? ನೋಡಾಕ ಆಗವಲ್ದು."

"ಬ್ಯಾಡ. ಡಾಕ್ಟರಮ್ಮಗ ಫೋನ್ ಹಚ್ಚು."

ಅಹಲ್ಯಾ ನೆಲಕ್ಕೆ ಕೂತಳು, ಮಲಗಿದಳು, ಮಂಚದ ಕೆಳಗೆ ತೆವಳಿದಳು. ಕೌದಿಯನ್ನು ಅವನ ಮೇಲೆ ಎಳೆದಳು. ಅವನ ಒಂದು ಕೈಯನ್ನು ಕಿವಿಯಿಂದ ಕಿತ್ತು ಬಟ್ಟೆಯ ಮೇಲಿಟ್ಟಳು.

"ಇದೇನು?"

ಹೊರಗೆ ಸಾಲಾಗಿ ಸಿಡಿದವು. ಅವನು ಹಲ್ಲು ಕಚ್ಚಿದ.

"ಅಜಯಾ, ಇದೇನು ಹೇಳು."

"ಅಂಗಿ."

"ಯಾರದು?"

"ಕಾಕಾಂದು."

ಅವಳು ಅವನ ಕೈ ಮುಂದಕ್ಕೆ ಸರಿಸಿದಳು. "ಇದು?"

"ಜಾನಕಿ ಸೀರಿ. ಲಗ್ನದ ವರ್ಷದ್ದು."

"ಇದು?"

"ಮುದುಕಿದು. ಮೀನಿನ ವಾಸನಿ ಇನ್ನೂ ಹೋಗಿಲ್ಲ."

ಫೋನು ಹಿಡಿದ ಜಾನಕಿ ಅಳುತ್ತಲೇ ನಕ್ಕುಬಿಟ್ಟಳು. ಡಾಕ್ಟರಮ್ಮ ಸಿಕ್ಕಳು. ಹೆಚ್ಚಿಗೆ ಗುಳಿಗೆ ಬೇಡ, ಒಬ್ಬನೇ ಬಿಡಬೇಡಿ, ಬೆಳಿಗ್ಗೆ ಕರೆತನ್ನಿ, ತಡೆಯಲಾರದೆ ಹೋದರೆ ಈಗಲೇ ಹೊರಡಿ ಎಂದಳು.

ಹೊಗೆ ಮಂಚದ ಕೆಳಗೂ ಬಂತು. ದೀಪಗಳ ಕೆಂಪು ನೆಲದ ಮೇಲೆ ನೀರಿನಂತೆ ಅಲುಗಿತು. ಅಜಯನ ಕೈ ಈಗ ತಾನಾಗಿ ತುಂಡಿನಿಂದ ತುಂಡಿಗೆ ಹೋಗುತ್ತಿತ್ತು.

"ಕಾಕಾನೂ ಹಿಂಗ ಕೆಳಗ ಹೊಕ್ಕೊಂತಿದ್ರೇನು?"

"ಇಲ್ಲ. ನುಂಗಿ ಸುಮ್ಮನ ಕುಂದರತಿದ್ದ. ಯಾರನ್ನೂ ಕರೀತಿರಲಿಲ್ಲ."

"ನಾನೂ ಕರದಿಲ್ಲ. ಜಾನಕಿ ಕರದ್ಲು."

"ಇನ್ನ ಮುಂದ ನೀನ ಕರಿ."

ಅವನ ಕೈ ಹೊಲಿಗೆ ಬಾಕಿಯಿದ್ದ ನಡುವಿನವರೆಗೂ ಹೋಯಿತು. ಕೊನೆಗೆ, "ಆತ್ರಿ," ಎಂದ. ಮೊಣಕೈ ಊರಿ ಇನ್ನೊಂದು ಬದಿಯಿಂದ ಹೊರಗೆ ಸರಿದು, ಕೌದಿ ಹೊದ್ದು ಮಂಚಕ್ಕೆ ಒರಗಿ ಕೂತ. "ಜಾನಕಿ, ಆ ಪಟ್ಟಿ ಒಳಗಿಡು. ನಾ ಬೇಡಿದ್ದನ್ನ ನಾಳೆ ನಾನ ಹೇಳತೀನಿ ಡಾಕ್ಟರಮ್ಮಗ."

ಅಹಲ್ಯಾ ಮಾತ್ರ ಹೊರಗೆ ಬರಲಿಲ್ಲ. ಬರಲು ಆಗಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು.

"ಏ, ನನ್ನ ಯಾರ ತಗೀತೀರಿ?"

ಜಾನಕಿ ಬಾಗಿ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಜಯ ಬಗ್ಗಿ ಕೈ ಚಾಚಿದ. ಅಹಲ್ಯಾ ಆ ಕೈ ಹಿಡಿದಳು. ಅದೇ ಹೊತ್ತಿಗೆ ಗಲ್ಲಿಯ ಮೂಲೆಯಲ್ಲಿ ದೊಡ್ಡದೊಂದು ಸಿಡಿಯಿತು. ಕಿಟಕಿಯ ಗಾಜು ಗದಗುಟ್ಟಿತು. ಅಜಯನ ಮೈಯೆಲ್ಲ ಅದುರಿತು. ಕಣ್ಣು ಬಿಗಿದುಕೊಂಡ. ಹಿಡಿದ ಕೈ ಬಿಡಲಿಲ್ಲ.

"ಎಳಿಯೋ," ಎಂದಳು ಅಹಲ್ಯಾ.

ಅವನು ಎಳೆದ.